ಉಪ್ಪಿನಕಾಯಿ ಆಮೇಲೆ, ಕಾಗದ ಮೊದಲು

ಪುಟ್ಟೀ,

ಟ್ಯೂಬಿಂಗೆನ್ನಿನಿಂದ ನಿನಗೆ ಒಪ್ಪಿಗೆ ಪತ್ರ ಬಂದ ದಿನದಿಂದ ನಿಮ್ಮ ಮನೆಯಲ್ಲಿ ಎರಡೇ ಮಾತು: ಸೂಟ್‌ಕೇಸು ಎಷ್ಟು ಕೆ.ಜಿ., ಉಪ್ಪಿನಕಾಯಿ ಎಷ್ಟು ಬಾಟಲಿ. ನಿಮ್ಮಮ್ಮ ಫೋನಿನಲ್ಲಿ ಹುಳಿಪುಡಿ, ಸಾರಿನಪುಡಿ, ಚಟ್ನಿಪುಡಿ ಮೂರರ ಲೆಕ್ಕವನ್ನೂ ಒಪ್ಪಿಸಿದಳು. ಆದರೆ ಎಂ.ಎಸ್ಸಿ. ಮೂರನೇ ಸೆಮಿಸ್ಟರಿನ ಯಾವ ಪೇಪರಿಗೆ ಬದಲಾಗಿ ಅಲ್ಲಿ ಯಾವ ಪೇಪರು ಓದುತ್ತೀಯ, ಅದನ್ನು ಇಲ್ಲಿ ಯಾರು ಒಪ್ಪಿ ಸಹಿ ಹಾಕಿದ್ದಾರೆ ಅಂತ ಕೇಳಿದರೆ ಅಪ್ಪ, ಅಮ್ಮ, ನೀನು ಮೂವರೂ ಗಪ್‌ಚಿಪ್. ಅದಕ್ಕೇ ಬರೆಯಲು ಕೂತೆ. ಕಾಲೇಜಿನಲ್ಲಿ ಪಾಠ ಮಾಡುತ್ತಲೇ ಎಕ್ಸ್‌ಚೇಂಜಿಗೆ ಹೋಗುವ ಮಕ್ಕಳ ಫೈಲುಗಳನ್ನು ವರ್ಷಗಟ್ಟಲೆ ನೋಡಿಕೊಂಡವಳು ನಾನು. ನೀನು ಹೋಗುವ ಊರಿನಲ್ಲೇ ಒಂದು ಚಳಿಗಾಲ ಇದ್ದು ಬಂದವಳು ಕೂಡ. ಅತ್ತೆಯ ಮಾತು ಉದ್ದವಾಯಿತು ಅನ್ನಿಸಿದರೆ ಬಸ್ಸಿನಲ್ಲಿ ಓದು.

ಜರ್ಮನಿಯ ಚಳಿಗಾಲದ ಸೆಮಿಸ್ಟರ್ ಕಾಗದದ ಮೇಲೆ ಅಕ್ಟೋಬರ್ 1ರಿಂದ ಮಾರ್ಚ್ 31ರವರೆಗೆ. ತರಗತಿ ನಡೆಯುವುದು ಮಾತ್ರ ಅಕ್ಟೋಬರ್ ಮಧ್ಯದಿಂದ ಫೆಬ್ರವರಿ ಮಧ್ಯದವರೆಗೆ. ನಡುವೆ ಕ್ರಿಸ್‌ಮಸ್ ರಜೆ. ಅದನ್ನು ಕಳೆದರೆ ಹದಿನೈದು ವಾರ ಸಿಕ್ಕಿದರೆ ಹೆಚ್ಚು. ಅದರಲ್ಲಿ ಮೊದಲ ಐದಾರು ವಾರ ಬ್ಯಾಂಕು, ವಿಮೆ, ಫಾರಂ, ಸಹಿ ಅಂತ ಅಲೆದರೆ, ಆಮೇಲಿನದ್ದು ಪರೀಕ್ಷೆಯ ಗಾಬರಿಯಲ್ಲಿ ಮುಗಿಯುತ್ತದೆ. ನಾನು ನೋಡಿದ ಮಕ್ಕಳಲ್ಲಿ ಮುಖ ಸಣ್ಣದು ಮಾಡಿಕೊಂಡು ವಾಪಸು ಬಂದವರಿಗೆ ಪಾಠ ಕಷ್ಟವಾಗಿದ್ದದ್ದು ಕಡಿಮೆ. ಇಲ್ಲೇ ಕೂತು ಮುಗಿಸಬಹುದಾಗಿದ್ದ ಕೆಲಸವನ್ನು ಅಲ್ಲಿಗೆ ಹೊತ್ತುಕೊಂಡು ಹೋದವರೇ ಜಾಸ್ತಿ. ನಿನ್ನ ಸಿದ್ಧತೆಗೆ ನಾನು ಹಾಕುವ ಅಳತೆ ಇದೊಂದೇ: ಮೈಸೂರಿನಲ್ಲಿ ಮಾಡಿ ಮುಗಿಸಲು ಆಗುವ ಯಾವುದನ್ನೂ ಟ್ಯೂಬಿಂಗೆನ್ನಿಗೆ ಒಯ್ಯಬೇಡ.

ಪೇಪರುಗಳಿಂದಲೇ ಶುರು ಮಾಡು. ಲರ್ನಿಂಗ್ ಅಗ್ರಿಮೆಂಟ್ ಅಂತ ಒಂದು ಹಾಳೆ ಇರುತ್ತದೆ. ಒಂದು ಪಕ್ಕದಲ್ಲಿ ಅಲ್ಲಿಯ ಕೋರ್ಸು, ಇನ್ನೊಂದು ಪಕ್ಕದಲ್ಲಿ ಅದಕ್ಕೆ ಸಮನಾಗಿ ಇಲ್ಲಿಯ ಪೇಪರು, ಕೆಳಗೆ ಸಹಿಗಳು. ನಿಮ್ಮ ವಿಭಾಗದ ಮುಖ್ಯಸ್ಥರು ‘ನೀನು ಹೋಗಿ ಬಾಮ್ಮ, ನಾವು ನೋಡಿಕೊಳ್ತೀವಿ’ ಅಂದಿರಬಹುದು. ಒಳ್ಳೆಯ ಮನಸ್ಸಿನಿಂದಲೇ ಅಂದಿರುತ್ತಾರೆ. ಆದರೆ ನೀನು ಬರುವ ಹೊತ್ತಿಗೆ ಸರದಿಯ ಪ್ರಕಾರ ಬೇರೆಯವರು ಆ ಕುರ್ಚಿಯಲ್ಲಿ ಕೂತಿರಬಹುದು, ಬಾಯಿಮಾತು ಕುರ್ಚಿಯ ಜೊತೆ ಹಸ್ತಾಂತರ ಆಗುವುದಿಲ್ಲ. ವಿಭಾಗದ ಸಹಿ ಸಾಲದು, ಕುಲಸಚಿವರು (ಮೌಲ್ಯಮಾಪನ) ಅವರ ಕಚೇರಿಯಿಂದಲೂ ಒಂದು ಪತ್ರ ಬೇಕು, ಅದರ ಮೇಲೆ ಕಡತದ ಸಂಖ್ಯೆ, ತಾರೀಕು ಇರಬೇಕು.

ಆ ಪತ್ರದಲ್ಲಿ ಮೂರು ವಿಷಯ ಬಿಡಿಸಿ ಬರೆಸಿಕೋ. ಅಲ್ಲಿ ಒಂದು ಪೂರ್ಣ ಸೆಮಿಸ್ಟರ್ ಎಂದರೆ ಯುರೋಪಿನ ಲೆಕ್ಕದ 30 ಕ್ರೆಡಿಟ್. ಒಂದು ಕ್ರೆಡಿಟ್ಟಿಗೆ 25ರಿಂದ 30 ಗಂಟೆಯ ದುಡಿಮೆ, ತರಗತಿ, ಲ್ಯಾಬು, ಮನೆಯಲ್ಲಿ ಓದಿದ್ದು ಎಲ್ಲ ಸೇರಿ. ನಮ್ಮಲ್ಲಿ ಕ್ರೆಡಿಟ್ ಎಣಿಸುವುದು ವಾರದ ತರಗತಿಯ ಗಂಟೆಯಿಂದ. ಹಾಗಾಗಿ ನಮ್ಮ ನಾಲ್ಕಕ್ಕೆ ಅವರ ನಾಲ್ಕು ಅಂತ ಸುಮ್ಮನೆ ಸಮ ಮಾಡಿದರೆ ತಪ್ಪು. ಎರಡನೆಯದು ದರ್ಜೆ. ಅಲ್ಲಿ 1.0 ಅತ್ಯುತ್ತಮ, 4.0 ಬಂದರೆ ಪಾಸು, 5.0 ಫೇಲು. ಅಂಕಿ ಇಳಿದಷ್ಟೂ ದರ್ಜೆ ಏರುತ್ತದೆ ಅನ್ನುವುದು ನಮ್ಮ ಪರೀಕ್ಷಾ ವಿಭಾಗಕ್ಕೆ ಅಷ್ಟು ಸುಲಭಕ್ಕೆ ಒಗ್ಗುವ ಮಾತಲ್ಲ. 1.3 ತಂದ ಹುಡುಗಿಗೆ ಇಲ್ಲಿ ಎಷ್ಟು ಗ್ರೇಡ್ ಪಾಯಿಂಟ್ ಅನ್ನುವ ಸೂತ್ರ ಹೋಗುವ ಮುಂಚೆಯೇ ಕಾಗದದಲ್ಲಿರಲಿ. ಮೂರನೆಯದು ಹಾಜರಿ. ನೀನು ಅಲ್ಲಿ ಫೆಬ್ರವರಿಯಲ್ಲಿ ಪರೀಕ್ಷೆ ಬರೆಯುವಾಗ ಇಲ್ಲಿ ನಾಲ್ಕನೇ ಸೆಮಿಸ್ಟರ್ ಶುರುವಾಗಿರಬಹುದು. ಶೇ. 75ರ ಹಾಜರಿ ನಿಯಮ ಯಾರ ಮುಖವನ್ನೂ ನೋಡುವುದಿಲ್ಲ. ಪ್ರಾಜೆಕ್ಟ್ ಸೆಮಿಸ್ಟರ್ ಆದ್ದರಿಂದ ದಾರಿ ಇದೆ, ಆ ದಾರಿಯನ್ನು ಈಗಲೇ ಬರೆಸಿಕೋ.

ಅಲ್ಲಿಗೆ ಹೋದ ಮೇಲೆ ಕೋರ್ಸಿನ ಪಟ್ಟಿ ಸ್ವಲ್ಪ ಬದಲಾಗುತ್ತದೆ. ಒಂದು ಕೋರ್ಸು ತುಂಬಿಹೋಗಿರುತ್ತದೆ, ಇನ್ನೊಂದು ಜರ್ಮನ್‌ನಲ್ಲಿ ನಡೆಯುತ್ತದೆ ಅಂತ ಆಮೇಲೆ ತಿಳಿಯುತ್ತದೆ. ಬದಲಾದ ದಿನವೇ ಇಲ್ಲಿಗೆ ಮೇಲ್ ಹಾಕಿ ತಿದ್ದಿದ ಹಾಳೆಗೆ ಸಹಿ ತರಿಸಿಕೋ. ಇನ್ನೊಂದು ಮಾತು: ಅಲ್ಲಿ ತರಗತಿಗೆ ಹೆಸರು ಹಚ್ಚಿದ್ದು ಬೇರೆ, ಪರೀಕ್ಷೆಗೆ ಹೆಸರು ಹಚ್ಚುವುದು ಬೇರೆ. ಅದಕ್ಕೆ ಒಂದು ಗಡುವು ಇರುತ್ತದೆ. ನಮ್ಮಲ್ಲಿಯ ಹಾಗೆ ಗುಮಾಸ್ತರು ದಂಡ ಕಟ್ಟಿಸಿಕೊಂಡು ಕೊನೆಯ ಗಳಿಗೆಯಲ್ಲಿ ಸೇರಿಸುತ್ತಾರೆ ಅಂತ ಕಾಯಬೇಡ. ಗಡುವು ದಾಟಿದರೆ ಇಡೀ ಸೆಮಿಸ್ಟರ್ ಕೂತು ಕೇಳಿದ್ದಕ್ಕೂ ಅಂಕವಿಲ್ಲ.

ಈಗ ನಿನ್ನ ಹೆಸರಿನ ವಿಷಯ. ನಗಬೇಡ, ನಮ್ಮ ಕಡೆಯ ಮಕ್ಕಳಿಗೆ ಇದರಷ್ಟು ಕಾಟ ಕೊಡುವುದು ಇನ್ನೊಂದಿಲ್ಲ. ಅಂಕಪಟ್ಟಿಯಲ್ಲಿ ನಿನ್ನ ಹೆಸರಿಗೆ ಎರಡು ಇನಿಷಿಯಲ್ ಅಂಟಿಕೊಂಡಿವೆ. ಪಾಸ್‌ಪೋರ್ಟಿನಲ್ಲಿ ಅವು ಬಿಡಿಸಿಕೊಂಡು ಒಂದು ನಮ್ಮ ಊರಾಗಿದೆ, ಇನ್ನೊಂದು ನಿಮ್ಮಪ್ಪ ಆಗಿದ್ದಾನೆ. ಜರ್ಮನಿಯ ಪ್ರತಿ ಫಾರಮ್ಮಿನಲ್ಲೂ ಮನೆತನದ ಹೆಸರಿನ ಜಾಗವನ್ನು ತುಂಬಲೇಬೇಕು. ಆರು ತಿಂಗಳ ಮಟ್ಟಿಗೆ ಅವರು ನಿನ್ನನ್ನು ನಿಮ್ಮಪ್ಪನ ಹೆಸರಿಂದಲೋ ಊರ ಹೆಸರಿಂದಲೋ ಕರೆಯುತ್ತಾರೆ, ಕರೆಯಲಿ. ನಾನು ಹೇಳುವುದಿಷ್ಟೇ: ಪಾಸ್‌ಪೋರ್ಟಿನಲ್ಲಿ ಇರುವ ಹಾಗೆಯೇ, ಅಕ್ಷರ ಅಕ್ಷರ, ಎಲ್ಲ ಕಡೆಯೂ ಬರೆ. ವಿಮಾನದ ಟಿಕೆಟ್ಟು, ವಿಮೆ, ಬ್ಯಾಂಕು, ವಿಶ್ವವಿದ್ಯಾಲಯ ಎಲ್ಲ ಕಡೆಯೂ ಒಂದೇ. ಅಂಕಪಟ್ಟಿಯವಳೂ ಪಾಸ್‌ಪೋರ್ಟಿನವಳೂ ಒಬ್ಬಳೇ ಅಂತ ನೋಟರಿಯಿಂದ ಇಂಗ್ಲಿಷಿನಲ್ಲಿ ಒಂದು ಅಫಿಡವಿಟ್ ಮಾಡಿಸಿಟ್ಟುಕೋ.

ಅದೇ ಹೆಸರನ್ನು ಹಾಸ್ಟೆಲಿಗೆ ಹೋದ ದಿನವೇ ಅಂಚೆ ಡಬ್ಬಿಯ ಮೇಲೂ ಅಂಟಿಸು. ಅಲ್ಲಿ ಅಂಚೆಯವನು ಡಬ್ಬಿಯ ಮೇಲಿನ ಹೆಸರು ನೋಡಿ ಕಾಗದ ಹಾಕುತ್ತಾನೆ. ‘ಮೂರನೇ ಮಹಡಿ, ಬಲಗಡೆ ಮನೆ, ನೀರಿನ ಟ್ಯಾಂಕ್ ಎದುರು’ ಅನ್ನುವ ನಮ್ಮ ವಿಳಾಸಶಾಸ್ತ್ರ ಅಲ್ಲಿ ನಡೆಯುವುದಿಲ್ಲ. ಬ್ಯಾಂಕಿನ ಪಿನ್ ನಂಬರ್, ವಿಮೆಯ ಕಾರ್ಡು, ಸರ್ಕಾರದ ಪತ್ರ ಎಲ್ಲ ಈಗಲೂ ಅಂಚೆಯಲ್ಲೇ ಬರುತ್ತವೆ. ಹೆಸರಿಲ್ಲದಿದ್ದರೆ ಬಂದ ದಾರಿಯಲ್ಲೇ ವಾಪಸು.

ದುಡ್ಡಿನದ್ದನ್ನು ಬೇಗ ಹೇಳಿ ಮುಗಿಸುತ್ತೇನೆ. ಟ್ಯೂಬಿಂಗೆನ್ ಇರುವ ಬಾಡೆನ್-ವುರ್ಟೆಂಬೆರ್ಗ್ ರಾಜ್ಯದಲ್ಲಿ ಯುರೋಪಿನ ಒಕ್ಕೂಟದ ಆಚೆಯಿಂದ ಬಂದವರಿಗೆ 2017ರ ಚಳಿಗಾಲದಿಂದ ಸೆಮಿಸ್ಟರಿಗೆ 1500 ಯೂರೋ ಶುಲ್ಕ ಬಂದಿದೆ. ಒಪ್ಪಂದದ ಮೇಲೆ ಹೋಗುವ ಎಕ್ಸ್‌ಚೇಂಜ್ ವಿದ್ಯಾರ್ಥಿಗೆ ಅದು ಇಲ್ಲ. ನೀನು ಕಟ್ಟುವುದು ಇಲ್ಲಿಯ ಫೀಸು ಮತ್ತು ಅಲ್ಲಿಯ ಸಣ್ಣ ಸೆಮಿಸ್ಟರ್ ವಂತಿಗೆ. ವೀಸಾಕ್ಕೆ ಮಾತ್ರ ತಿಂಗಳಿಗೆ 992 ಯೂರೋ ಲೆಕ್ಕದಲ್ಲಿ ಖರ್ಚಿಗಿದೆ ಅಂತ ತೋರಿಸಬೇಕು, ಆರು ತಿಂಗಳಿಗೆ 5952. ಹೆಚ್ಚಿನವರು ಅದನ್ನು ಬ್ಲಾಕ್ಡ್ ಅಕೌಂಟಿನಲ್ಲಿ ಇಡುತ್ತಾರೆ, ಅದು ತಿಂಗಳು ತಿಂಗಳು ಕಂತಾಗಿ ನಿನ್ನ ಕೈಗೆ ಬರುತ್ತದೆ. ಈ ಅಂಕಿ ಆಗಾಗ ಏರುತ್ತಿರುತ್ತದೆ, ಅರ್ಜಿ ಹಾಕುವ ದಿನ ದೂತಾವಾಸದ ಪ್ರಕಟಣೆ ನೋಡು. ಮೊದಲ ಕಂತು ಸಿಗುವವರೆಗೆ ಖರ್ಚಿಗೆ, ಹಾಸ್ಟೆಲಿನ ಮುಂಗಡಕ್ಕೆ ಬೇರೆ ಹಣ ಬೇಕು. ಇದನ್ನು ನಿಮ್ಮಪ್ಪನಿಗೆ ಹೇಳು, ಅವನ ಲೆಕ್ಕದಲ್ಲಿ ಇದು ಇಲ್ಲ. ಆರೋಗ್ಯ ವಿಮೆ ಇಲ್ಲದೆ ವಿಶ್ವವಿದ್ಯಾಲಯ ಹೆಸರು ಹಚ್ಚಿಕೊಳ್ಳುವುದಿಲ್ಲ. ಇಲ್ಲಿ ಏಜೆಂಟು ಕೊಡುವ ಪ್ರವಾಸದ ವಿಮೆ ಮೊದಲ ಕೆಲವು ದಿನಗಳಿಗೆ ಮಾತ್ರ. ಅಲ್ಲಿಯ ವಿದ್ಯಾರ್ಥಿ ವಿಮೆ ತಿಂಗಳಿಗೆ ನೂರು ಯೂರೋ ಮೀರುತ್ತದೆ, ಅದಕ್ಕೆ ಗೊಣಗುವುದು ಬೇಡ.

ಟಿಕೆಟ್ ತೆಗೆಯುವಾಗ ಅಗ್ಗದ್ದು ನೋಡುವ ಮುಂಚೆ ವಾರ ನೋಡು. ರಾಹುಕಾಲಕ್ಕೆ ಅಂತ ಹೇಳುತ್ತಿಲ್ಲ. ಹಾಸ್ಟೆಲಿನ ಬೀಗದ ಕೈ ಕೊಡುವವನು ವಾರದ ದಿನ, ಕಚೇರಿಯ ಹೊತ್ತಿನಲ್ಲಿ ಮಾತ್ರ ಸಿಗುತ್ತಾನೆ. ಭಾನುವಾರ ಅಂಗಡಿಗಳಿಗೂ ಬಾಗಿಲು. ಅಕ್ಟೋಬರ್ 3 ಜರ್ಮನಿ ಒಂದಾದ ದಿನ, ದೇಶಕ್ಕೆಲ್ಲ ರಜೆ. ಶನಿವಾರ ರಾತ್ರಿ ಇಳಿದರೆ ಕೀಲಿಯೂ ಇಲ್ಲ, ಹಾಲೂ ಇಲ್ಲ. ಮಂಗಳವಾರವೋ ಬುಧವಾರವೋ ಬೆಳಿಗ್ಗೆ ಇಳಿಯುವ ಹಾಗೆ ಹೋಗು. ಫ್ರಾಂಕ್‌ಫರ್ಟಿನಿಂದ ಸ್ಟುಟ್‌ಗಾರ್ಟ್, ಅಲ್ಲಿಂದ ಇನ್ನೊಂದು ಗಂಟೆ ರೈಲು. ಜರ್ಮನಿಯ ರೈಲು ಗಡಿಯಾರ ನೋಡಿ ಓಡುತ್ತದೆ ಅನ್ನುವುದು ನಮ್ಮ ಕಾಲದ ಕಥೆ. ಈಗ ಜರ್ಮನರೇ ಅದನ್ನು ಕೇಳಿ ನಗುತ್ತಾರೆ. ಗಾಡಿ ಬದಲಿಸಲು ಧಾರಾಳವಾಗಿ ಹೊತ್ತು ಇಟ್ಟುಕೋ. ಮನೆ ಸೇರಿದ ಎರಡು ವಾರದೊಳಗೆ ನಗರದ ಕಚೇರಿಗೆ ಹೋಗಿ ವಿಳಾಸ ನೋಂದಾಯಿಸಬೇಕು, ಅದು ಕಾನೂನು. ಮನೆ ಕೊಟ್ಟವರಿಂದ ಅದಕ್ಕೊಂದು ದೃಢೀಕರಣ ಪತ್ರ ಬೇಕಾಗುತ್ತದೆ, ಕೀಲಿ ತೆಗೆದುಕೊಳ್ಳುವಾಗಲೇ ಕೇಳಿ ಪಡೆ. ನೋಂದಣಿಯಾದ ಸ್ವಲ್ಪ ದಿನಕ್ಕೆ ರೇಡಿಯೋ-ಟೀವಿ ವಂತಿಗೆ ಅಂತ ಮನೆಗೆ ತಿಂಗಳಿಗೆ 18.36 ಯೂರೋ ಕೇಳುವ ಪತ್ರ ಬರುತ್ತದೆ. ಟೀವಿಯೇ ಇಲ್ಲವಲ್ಲ, ಯಾರೋ ಮೋಸಗಾರರು ಅಂತ ಹರಿದು ಹಾಕಬೇಡ. ಟೀವಿ ಇರಲಿ ಬಿಡಲಿ ಅದು ಕಟ್ಟಬೇಕಾದ್ದೇ. ಜೊತೆಯವರೊಡನೆ ಒಂದೇ ಮನೆಯಲ್ಲಿದ್ದರೆ ಹಂಚಿಕೊಳ್ಳಿ.

ಹಾಂ, ನಿಮ್ಮಮ್ಮನ ಪುಡಿಗಳು. ಒಣಪುಡಿ ಧಾರಾಳವಾಗಿ ಒಯ್ಯಿ. ತುಪ್ಪ, ಪೇಡ, ಖೋವಾ ಬೇಡ: ಯುರೋಪಿನೊಳಗೆ ಹಾಲಿನ ಪದಾರ್ಥ, ಮಾಂಸ ಪ್ರಯಾಣಿಕರ ಚೀಲದಲ್ಲಿ ಹೋಗುವಂತಿಲ್ಲ. ಹಸಿ ಕರಿಬೇವಿನ ಸೊಪ್ಪಿಗೂ ಪ್ರಮಾಣಪತ್ರ ಕೇಳುತ್ತಾರೆ, ನೆರಳಿನಲ್ಲಿ ಒಣಗಿಸಿ ಪುಡಿಯಲ್ಲಿ ಬೆರೆಸಿಕೋ. ವಿಮಾನ ದುಬೈ ಮೇಲೆ ಹೋಗುವುದಾದರೆ ಗಸಗಸೆ ಒಂದು ಚಿಟಿಕೆಯೂ ಬೇಡ, ಅಲ್ಲಿ ಅದು ಮಾದಕ ವಸ್ತುವಿನ ಪಟ್ಟಿಯಲ್ಲಿದೆ. ದಪ್ಪ ಕೋಟು ಬೆಂಗಳೂರಿನಲ್ಲಿ ಕೊಳ್ಳಬೇಡ, ಆ ಚಳಿಗೆ ಹೊಲಿದದ್ದು ಅಲ್ಲೇ ಸಿಗುತ್ತದೆ. ಹಲ್ಲು ಮತ್ತು ಕನ್ನಡಕ ಮಾತ್ರ ಇಲ್ಲೇ ಸರಿ ಮಾಡಿಸಿಕೊಂಡು ಹೋಗು.

ಪಾಠದ ರೀತಿಗೆ ಬರುತ್ತೇನೆ, ನನಗೆ ಹೆಚ್ಚು ಹೇಳಬೇಕಾದ್ದು ಇಲ್ಲೇ ಇದೆ. ಟ್ಯೂಬಿಂಗೆನ್ ಬೆಟ್ಟದ ಮೇಲೊಂದು ಕೋಟೆ ಇದೆ. ಹತ್ತೊಂಬತ್ತನೇ ಶತಮಾನದಲ್ಲಿ ಅದರ ಅಡುಗೆಮನೆಯನ್ನೇ ಜೀವರಸಾಯನದ ಪ್ರಯೋಗಾಲಯ ಮಾಡಿಕೊಂಡಿದ್ದರು. 1869ರಲ್ಲಿ ಫ್ರೀಡ್ರಿಶ್ ಮೀಷರ್ ಅನ್ನುವ ತರುಣ ಆಸ್ಪತ್ರೆಯ ಹಳೇ ಬ್ಯಾಂಡೇಜಿನ ಕೀವಿನಿಂದ ಜೀವಕೋಶಗಳನ್ನು ಬಿಡಿಸಿ, ಅವುಗಳ ಕೋಶಕೇಂದ್ರದಿಂದ ರಂಜಕ ತುಂಬಿದ ಒಂದು ವಸ್ತು ತೆಗೆದ, ಅದಕ್ಕೆ ನ್ಯೂಕ್ಲೀನ್ ಅಂತ ಹೆಸರಿಟ್ಟ. ನೀನು ದಿನಾ ಡಿಎನ್‌ಎ ಅನ್ನುತ್ತೀಯಲ್ಲ, ಅದರ ಮೊದಲ ದರ್ಶನ ಅಲ್ಲಿ. ಆದರೆ ಲೇಖನ ಅಚ್ಚಾದದ್ದು 1871ರಲ್ಲಿ. ಯಾಕೆ ಅಂದರೆ ಅವನ ಗುರು ಹೋಪೆ-ಜೈಲರ್ ಆ ಪ್ರಯೋಗಗಳನ್ನು ತಾನೇ ಮತ್ತೆ ಮಾಡಿ ನೋಡಿ, ಸರಿ ಅನ್ನಿಸಿದ ಮೇಲೆಯೇ ತನ್ನ ಪತ್ರಿಕೆಯಲ್ಲಿ ಹಾಕಿದ. ಶಿಷ್ಯನ ಮೇಲೆ ನಂಬಿಕೆ ಇರಲಿಲ್ಲ ಅಂತಲ್ಲ, ಅಲ್ಲಿ ನಡೆಯುವ ರೀತಿ ಹಾಗೆ. ನಿನ್ನ ಲ್ಯಾಬ್ ನೋಟ್‌ಬುಕ್ಕನ್ನು ಯಾರೋ ತೆರೆದು ‘ಇದು ಯಾಕೆ ಹೀಗೆ?’ ಅಂದರೆ ಅದನ್ನು ಅವಮಾನ ಅಂದುಕೊಳ್ಳಬೇಡ. ನಾವು ರೆಕಾರ್ಡ್ ಪುಸ್ತಕಕ್ಕೆ ಸರಿಬಂದ ರೀಡಿಂಗ್ ಮಾತ್ರ ಅಚ್ಚುಕಟ್ಟಾಗಿ ಎತ್ತಿ ಬರೆದು ಅಭ್ಯಾಸವಾದವರು. ಆ ಅಭ್ಯಾಸವನ್ನು ಈ ಬೇಸಿಗೆಯಲ್ಲೇ ಬಿಡು. ಕೆಟ್ಟ ರೀಡಿಂಗ್, ಒಡೆದ ಟ್ಯೂಬು, ಮರೆತ ಹಂತ ಎಲ್ಲವನ್ನೂ ಅದೇ ದಿನ, ಅದೇ ಪುಟದಲ್ಲಿ ಬರೆ.

ಇನ್ನೊಂದು ನಮ್ಮ ಗುಣ ಇದೆ, ದೊಡ್ಡವರಿಗೆ ‘ಇಲ್ಲ’ ಅನ್ನಲು ಬಾಯಿ ಬರುವುದಿಲ್ಲ. ‘ನೋಡ್ತೀನಿ ಸರ್’, ‘ಪ್ರಯತ್ನ ಮಾಡ್ತೀನಿ ಸರ್’. ಇಲ್ಲಿ ಕೇಳುವವರಿಗೆ ಇದರ ಅರ್ಥ ಗೊತ್ತು. ಅಲ್ಲಿ ‘ಶುಕ್ರವಾರಕ್ಕೆ ಕೊಡ್ತೀಯಾ?’ ಅಂದಾಗ ತಲೆ ಆಡಿಸಿದರೆ ಶುಕ್ರವಾರಕ್ಕೆ ಕಾಯುತ್ತಾರೆ. ಆಗುವುದಿಲ್ಲ ಅಂತ ಸೋಮವಾರವೇ ಹೇಳಿದರೆ ಯಾರಿಗೂ ಬೇಸರವಿಲ್ಲ, ಶುಕ್ರವಾರ ಸಂಜೆ ಹೇಳಿದರೆ ಆಮೇಲೆ ನಿನ್ನ ಮಾತಿಗೆ ಬೆಲೆ ಇಲ್ಲ. ಅರ್ಥವಾಗದಿದ್ದರೆ ತರಗತಿಯಲ್ಲೇ ಕೈ ಎತ್ತು. ಪ್ರೊಫೆಸರಿಗೆ ಮೇಲ್ ಬರೆಯುವಾಗ ಅರ್ಧ ಪುಟ ನಮಸ್ಕಾರ ಬೇಡ. ಯಾರು, ಯಾವ ಕೋರ್ಸು, ಏನು ಬೇಕು, ನಾಲ್ಕು ಸಾಲು. ವೇಳಾಪಟ್ಟಿಯಲ್ಲಿ ಹತ್ತು ಗಂಟೆಯ ಮುಂದೆ ಸಿ.ಟಿ. ಅಂತ ಇದ್ದರೆ ಪಾಠ ಹತ್ತೂಕಾಲಿಗೆ, ಎಸ್.ಟಿ. ಅಂತ ಇದ್ದರೆ ಹತ್ತಕ್ಕೆ ಸರಿಯಾಗಿ. ಪಾಠ ಮುಗಿದ ಮೇಲೆ ಎಲ್ಲರೂ ಬೆಂಚು ಕುಟ್ಟುತ್ತಾರೆ. ಗಲಾಟೆಯಲ್ಲ, ಮೆಚ್ಚುಗೆ. ನೀನೂ ಕುಟ್ಟು.

ಪಾಠ ಇಂಗ್ಲಿಷಿನಲ್ಲಿ, ಹಾಗಾಗಿ ಜರ್ಮನ್ ಯಾಕೆ ಅಂತ ಕೇಳಿದೆಯಲ್ಲ? ಪಾಠ ದಿನಕ್ಕೆ ಐದು ಗಂಟೆ. ಉಳಿದ ಹೊತ್ತು ನೀನು ಇರುವುದು ಬಸ್ಸು, ಅಂಗಡಿ, ಔಷಧದಂಗಡಿ, ಹಾಸ್ಟೆಲಿನ ಅಡುಗೆಮನೆಯಲ್ಲಿ. ಬೆಂಗಳೂರಿನ ಮ್ಯಾಕ್ಸ್‌ಮುಲ್ಲರ್ ಭವನದಲ್ಲಿ ಮೊದಲ ಹಂತದ ಕೋರ್ಸು ಮುಗಿಸಿಕೋ, ಆನ್‌ಲೈನಾದರೂ ಸರಿ. ಅಲ್ಲಿಯವರು ಆಡುವುದು ಸ್ವೇಬಿಯನ್ ಆಡುಮಾತು, ಪುಸ್ತಕದ ಜರ್ಮನ್ ಕಲಿತವರಿಗೆ ಮೊದಮೊದಲು ಏನೂ ತಿಳಿಯುವುದಿಲ್ಲ. ಮೈಸೂರಿನ ಹುಡುಗಿಯನ್ನು ಹುಬ್ಬಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಇಳಿಸಿದ ಹಾಗೆ. ಎರಡು ವಾರಕ್ಕೆ ಕಿವಿ ಹದವಾಗುತ್ತದೆ. ಆ ಸೀಮೆಯಲ್ಲಿ ವಾರಕ್ಕೊಬ್ಬರಂತೆ ಮೆಟ್ಟಿಲು, ಓಣಿ ಗುಡಿಸುವ ಸರದಿ ಇರುತ್ತದೆ. ನಿನ್ನ ಸರದಿ ತಪ್ಪಿಸಿದರೆ ಪಕ್ಕದ ಮನೆಯ ಅಜ್ಜಿಯಿಂದ ಸಂಪೂರ್ಣ ಜರ್ಮನ್ ವ್ಯಾಕರಣ ಕೇಳಬೇಕಾದೀತು. ಕಸ ನಾಲ್ಕು ಬಗೆ ಬೇರೆ ಮಾಡಬೇಕು, ಖಾಲಿ ಗಾಜಿನ ಬಾಟಲಿಯನ್ನು ಭಾನುವಾರ ತೊಟ್ಟಿಗೆ ಹಾಕಬಾರದು, ಸದ್ದಾಗುತ್ತದೆ ಅಂತ.

ನಮ್ಮವರ ಗುಂಪು ಬೇಗ ಸಿಗುತ್ತದೆ. ಸ್ಟುಟ್‌ಗಾರ್ಟಿನ ಸುತ್ತ ಕಾರು, ಯಂತ್ರದ ಕಂಪನಿಗಳಲ್ಲಿ ಕನ್ನಡಿಗರು ಬೇಕಾದಷ್ಟಿದ್ದಾರೆ. ನವೆಂಬರ್ 1 ಆ ರಾಜ್ಯದಲ್ಲಿ ಸಂತರ ಹಬ್ಬದ ರಜೆಯಾದ್ದರಿಂದ ರಾಜ್ಯೋತ್ಸವಕ್ಕೆ ಹೋಗಿ ಬಾ, ಬಿಸಿಬೇಳೆಬಾತ್ ತಿಂದು ಬಾ. ಆದರೆ ದಿನಾ ಸಂಜೆ ಅಲ್ಲೇ ಇರಬೇಡ. ಟ್ಯೂಬಿಂಗೆನ್ನಿನಲ್ಲಿ ಓದಿದ ಹೆರ್ಮನ್ ಮೋಗ್ಲಿಂಗ್ ಮಂಗಳೂರಿಗೆ ಬಂದು 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ. ಕಿಟೆಲ್ಲರು 1894ರಲ್ಲಿ ಕನ್ನಡ ನಿಘಂಟು ಮುಗಿಸಿದರು. ಇಬ್ಬರಿಗೂ ಗೌರವ ಡಾಕ್ಟರೇಟ್ ಕೊಟ್ಟದ್ದು ನೀನು ಹೋಗುತ್ತಿರುವ ವಿಶ್ವವಿದ್ಯಾಲಯವೇ, ಕಿಟೆಲ್ ತೀರಿಕೊಂಡದ್ದೂ ಅದೇ ಊರಿನಲ್ಲಿ, 1903ರಲ್ಲಿ. ಅವರು ಬಂದದ್ದು ಧರ್ಮಪ್ರಚಾರಕ್ಕೆ, ಆ ಉದ್ದೇಶದ ಬಗ್ಗೆ ನನಗೆ ನನ್ನದೇ ಅಭಿಪ್ರಾಯ ಇದೆ. ಆದರೂ ಜರ್ಮನರ ಜೊತೆಯಲ್ಲೇ ಕೂತಿದ್ದರೆ ಆ ನಿಘಂಟು ಹುಟ್ಟುತ್ತಿರಲಿಲ್ಲ. ಇಲ್ಲಿಯವರ ಜಗಲಿಯಲ್ಲಿ ಕೂತು ಕೇಳಿ ಕೇಳಿ ಬರೆದರು.

ಅಲ್ಲಿಯ ಜನರೂ ನಿನ್ನನ್ನು ಕೇಳುತ್ತಾರೆ. ಜಾತಿ ಅಂದರೇನು, ನಿನ್ನ ಮದುವೆ ಅಪ್ಪ ಅಮ್ಮ ಮಾಡುತ್ತಾರಾ, ಕಾವೇರಿ ಜಗಳ ಏನು, ನೀನು ಹಿಂದಿ ಯಾಕೆ ಮಾತಾಡುವುದಿಲ್ಲ. ವಕೀಲಳ ಹಾಗೆ ದೇಶವನ್ನು ಸಮರ್ಥಿಸಲೂ ಬೇಡ, ಅವರನ್ನು ಮೆಚ್ಚಿಸಲು ಹಳಿಯಲೂ ಬೇಡ. ಗೊತ್ತಿದ್ದಷ್ಟು ಸರಿಯಾಗಿ ಹೇಳು. ಅದಕ್ಕೆ ಮೊದಲು ಗೊತ್ತು ಮಾಡಿಕೋ. ಹೊರಡುವ ಮುಂಚೆ ಕರ್ನಾಟಕದ ಚರಿತ್ರೆಯ ಬಗ್ಗೆ ಒಂದಾದರೂ ಒಳ್ಳೆಯ ಪುಸ್ತಕ ಓದು, ನಿಮ್ಮ ಅಜ್ಜಿಯ ಹತ್ತಿರ ಒಂದು ಮಧ್ಯಾಹ್ನ ಕೂತು ನಮ್ಮ ಮನೆಯ ಚರಿತ್ರೆ ಕೇಳು. ಯಾರಾದರೂ ಬಣ್ಣ ನೋಡಿ ಒರಟಾಗಿ ಆಡಿದರೆ ನುಂಗಿಕೊಳ್ಳಬೇಡ, ವಿದೇಶಿ ವಿದ್ಯಾರ್ಥಿಗಳ ಕಚೇರಿಗೆ ಹೇಳು. ಹಾಗಂತ ಮುಖ ಗಂಟಿಕ್ಕಿದ ಪ್ರತಿ ಬಸ್ ಡ್ರೈವರನ ಮೇಲೂ ಅನುಮಾನ ಪಡಬೇಡ, ಅವನು ಎಲ್ಲರಿಗೂ ಹಾಗೆಯೇ. ಪಾರ್ಟಿಗೆ ಕರೆದರೆ ಹೋಗು. ಕುಡಿಯುವುದಿಲ್ಲ ಅಂದರೆ ಯಾರೂ ಬಲವಂತ ಮಾಡುವುದಿಲ್ಲ, ಕಾರಣವನ್ನೂ ಕೇಳುವುದಿಲ್ಲ. ವಾಪಸು ಬರುವ ಕೊನೆಯ ಬಸ್ಸು ಎಷ್ಟಕ್ಕೆ ಅಂತ ಮಾತ್ರ ಮೊದಲೇ ನೋಡಿಕೊಂಡಿರು. ಪೊಲೀಸರಿಗೆ 110, ಆಂಬುಲೆನ್ಸಿಗೆ 112.

ನವೆಂಬರ್ ಕಷ್ಟದ ತಿಂಗಳು. ಅಕ್ಟೋಬರಿನ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ಇಡುತ್ತಾರೆ, ನಮಗೂ ನಿನಗೂ ಮೂರೂವರೆ ಗಂಟೆ ಇದ್ದ ಅಂತರ ನಾಲ್ಕೂವರೆ ಆಗುತ್ತದೆ. ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಗೆ ಕತ್ತಲು. ಸರಿಯಾಗಿ ಅದೇ ಹೊತ್ತಿಗೆ ಇಲ್ಲಿ ರಾತ್ರಿ ಒಂಬತ್ತು, ಊಟ ಮುಗಿಸಿ ನಿಮ್ಮಮ್ಮ ವಿಡಿಯೋ ಕಾಲ್ ಮಾಡುತ್ತಾಳೆ. ದಿನಾ ಒಂದು ಗಂಟೆ ಮನೆಯ ಅಡುಗೆಕಟ್ಟೆ ನೋಡುತ್ತಾ ಕೂತರೆ ನೀನು ಅಲ್ಲೂ ಇರುವುದಿಲ್ಲ, ಇಲ್ಲೂ ಇರುವುದಿಲ್ಲ. ಬುಧವಾರ ಒಮ್ಮೆ, ಭಾನುವಾರ ಒಮ್ಮೆ ಅಂತ ಈಗಲೇ ಮಾತಾಡಿಕೊಳ್ಳಿ, ಉಳಿದ ದಿನ ಒಂದು ಮೆಸೇಜು ಸಾಕು. ನಿಮ್ಮಮ್ಮನಿಗೆ ಇದನ್ನು ನಾನೇ ಹೇಳುತ್ತೇನೆ, ಬೈಗುಳ ನನಗೇ ಬರಲಿ. ಬೆಳಕಿರುವಾಗ ನೆಕ್ಕಾರ್ ನದಿಯ ದಂಡೆಯಲ್ಲಿ ಅರ್ಧ ಗಂಟೆ ನಡಿ, ಮಳೆ ಬಂದರೂ. ಎರಡು ವಾರ ಸರಿಯಾಗಿ ನಿದ್ದೆ ಬಾರದಿದ್ದರೆ, ಹಾಸಿಗೆಯಿಂದ ಏಳಲು ಮನಸ್ಸಾಗದಿದ್ದರೆ ವಿದ್ಯಾರ್ಥಿಗಳಿಗೆಂದೇ ಇರುವ ಆಪ್ತಸಮಾಲೋಚಕರ ಹತ್ತಿರ ಹೋಗು. ಜ್ವರ ಬಂದರೆ ಡಾಕ್ಟರ ಹತ್ತಿರ ಹೋಗುವುದಿಲ್ಲವೇ?

ವಾಪಸು ಬರುವ ಮುಂಚೆ ವಿಳಾಸದ ನೋಂದಣಿ ರದ್ದು ಮಾಡಿಸು, ಆ ಟೀವಿ ವಂತಿಗೆ ನಿಲ್ಲಿಸು, ಹಾಸ್ಟೆಲಿನ ಮುಂಗಡ ಯಾವ ಖಾತೆಗೆ ಬರಬೇಕು ಅಂತ ಬರೆದುಕೊಡು, ಆ ಖಾತೆಯನ್ನು ಹಣ ಬರುವವರೆಗೆ ಮುಚ್ಚಬೇಡ. ಟ್ರಾನ್‌ಸ್ಕ್ರಿಪ್ಟ್ ಕೈಗೆ ಬರಲು ವಾರಗಳು ಹಿಡಿಯುತ್ತವೆ. ಬಂದದ್ದೇ ಅದರ ಎರಡು ಪ್ರತಿ ಮಾಡಿಸಿ ಒಂದು ನನಗೆ ಕೊಡು. ನಮ್ಮ ವಿಶ್ವವಿದ್ಯಾಲಯದ ಕಚೇರಿ ಇರುವ ಕ್ರಾಫರ್ಡ್ ಹಾಲಿಗೆ ನಿನ್ನ ಜೊತೆ ನಾನೂ ಬರುತ್ತೇನೆ. ನಿವೃತ್ತಿಯಾದರೂ ಅಲ್ಲಿ ಯಾವ ಟೇಬಲ್ಲಿಗೆ ಮೊದಲು ಹೋಗಬೇಕು, ಯಾವುದಕ್ಕೆ ಊಟದ ಹೊತ್ತಿನ ನಂತರ ಹೋಗಬೇಕು ಅನ್ನುವುದು ನನಗೆ ಇನ್ನೂ ಗೊತ್ತು.

ಸೋಮವಾರ ಬೆಳಿಗ್ಗೆ ಪಾಸ್‌ಪೋರ್ಟು, ಅಂಕಪಟ್ಟಿ, ಆ ಲರ್ನಿಂಗ್ ಅಗ್ರಿಮೆಂಟ್ ಹಾಳೆ ಹಿಡಿದುಕೊಂಡು ಬಾ. ತಿಂಡಿ ಇಲ್ಲೇ.

ನಿನ್ನ ಅತ್ತೆ